ದವಡೆ ಕೀಲಿನ ದ್ರವದ ಬಗ್ಗೆ ಬರೆದವರಿಗೆ

ನಮಸ್ಕಾರ ಡಾಕ್ಟರೇ,

ನಿಮ್ಮ ಲೇಖನ ಪೂರ್ತಿ ಓದಿದೆ. ದವಡೆ ಕೀಲು ನೋಯುವವರ ಕೀಲಿನಿಂದ ದ್ರವ ತೆಗೆದು ಪರೀಕ್ಷಿಸಿದರೆ ಕಾಯಿಲೆ ಯಾವುದೆಂದು ಗೊತ್ತಾಗುತ್ತದೆ ಎಂದು ಬರೆದಿದ್ದೀರಿ. ಹೀಗೇ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಮಾತ್ರ ಕೈಬಿಡಬೇಡಿ.

ಎರಡನೇ ಪ್ಯಾರಾದಲ್ಲಿ ಇಂಟರ್‌ಲ್ಯೂಕಿನ್, ಪ್ರೊಸ್ಟಗ್ಲಾಂಡಿನ್, ಟಿಎನ್‌ಎಫ್, ಎಂಎಂಪಿ ಅಂತ ಹೆಸರುಗಳ ಸಾಲೇ ಇದೆ. ಓದುಗರು ಅಲ್ಲೇ ಪುಟ ತಿರುಗಿಸುತ್ತಾರೆ. ಎರಡು ಸಾಕು. ಟಿಎನ್‌ಎಫ್ ಉರಿಯೂತ ಎಬ್ಬಿಸುವ ಪ್ರೋಟೀನು. ಎಂಎಂಪಿ ಕೀಲಿನ ಮೃದ್ವಸ್ಥಿಯನ್ನು ಕತ್ತರಿಸುವ ಕಿಣ್ವ. ಇಷ್ಟು ಹೇಳಿ ಮುಂದೆ ಹೋಗಿ.

‘ದ್ರವವನ್ನು ಸಂಗ್ರಹಿಸಲಾಯಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ, ಇಡೀ ಲೇಖನ ಇರಬೇಕಾದದ್ದೇ ಅಲ್ಲಿ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಆಡುವುದು ಗೊತ್ತಾಗುತ್ತದೆ, ಅಷ್ಟು ಪುಟ್ಟ ಕೀಲು ಅದು. ನಡುವೆ ಮೆತ್ತೆಯಂತಿರುವ ಡಿಸ್ಕು ಅದನ್ನು ಮೇಲೊಂದು, ಕೆಳಗೊಂದು ಕೋಣೆ ಮಾಡಿದೆ. ಮೇಲಿನ ಕೋಣೆಯಲ್ಲಿ ಹಿಡಿಸುವುದೇ ಸುಮಾರು 1 ಮಿಲಿಲೀಟರು. ಸುಮ್ನೆ ಸೂಜಿ ಹಾಕಿ ಎಳೆದರೆ ಪರೀಕ್ಷೆಗೆ ಸಾಕಾಗುವಷ್ಟು ದ್ರವ ಸಿಗುವುದು ಕಷ್ಟ. ಅದಕ್ಕೇ ಸಲೈನ್ ಬಿಟ್ಟು, ಕೀಲು ತೊಳೆದು, ಅದನ್ನೇ ವಾಪಸ್ ಎಳೆಯುತ್ತಾರೆ. ಈಗ ಸಿರಿಂಜಿನಲ್ಲಿ ಸಲೈನ್ ಎಷ್ಟು, ಕೀಲಿನ ದ್ರವ ಎಷ್ಟು? ಅದು ಗೊತ್ತಿಲ್ಲದೆ ‘ಟಿಎನ್‌ಎಫ್ ಇಷ್ಟಿತ್ತು’ ಎಂದರೆ ಅರ್ಥವೇ ಇಲ್ಲ. ಸ್ವೀಡನ್ನಿನ ಸಂಶೋಧಕರು ಸಲೈನಿಗೆ ಬಿ12 ವಿಟಮಿನ್ ಬೆರೆಸಿದರು. ಅದರ ಬಣ್ಣ ಕೆಂಪು. ವಾಪಸ್ ಬಂದ ನೀರಿನಲ್ಲಿ ಆ ಕೆಂಪು ಎಷ್ಟು ತೆಳುವಾಗಿದೆ ಎಂದು ಅಳೆದು, ಕೀಲಿನ ದ್ರವ ಎಷ್ಟು ಸೇರಿದೆ ಎಂಬ ಲೆಕ್ಕ ಹಾಕಿದರು. ಎಂಥ ಚೆಂದದ ಉಪಾಯ! ಇದನ್ನು ಬಿಡಿಸಿ ಬರೆಯಿರಿ.

ರೋಗಿಗಳ ದ್ರವದಲ್ಲಿ ಇವೆಲ್ಲ ‘ಆರೋಗ್ಯವಂತರಿಗಿಂತ ಜಾಸ್ತಿ’ ಎಂಬ ಮಾತಿಗೂ ವಿವರಣೆ ಬೇಕು. ನೋವೇ ಇಲ್ಲದ ಕೀಲಿಗೆ ಸೂಜಿ ಚುಚ್ಚಿಸಿಕೊಳ್ಳಲು ಯಾರು ಒಪ್ಪುತ್ತಾರೆ ಹೇಳಿ? ಹೋಲಿಕೆಗೆ ಜನ ಸಿಗುವುದೇ ಕಷ್ಟ.

ನನಗೆ ನಿಜಕ್ಕೂ ಆತಂಕವಾದದ್ದು ಕೊನೆಯ ಪ್ಯಾರಾ. ‘ಪ್ರತಿ ದವಡೆ ನೋವಿಗೂ ಈ ಪರೀಕ್ಷೆ ಮಾಡಿಸಿ’ ಎಂದಿದ್ದೀರಿ. ದವಡೆ ನೋವು ಎಷ್ಟೋ ಜನರಲ್ಲಿ ಕೀಲಿನದ್ದಲ್ಲ, ಅಗಿಯುವ ಸ್ನಾಯುಗಳದ್ದು. ಅವರ ಕೀಲಿನ ದ್ರವ ತೆಗೆದು ಏನು ಪ್ರಯೋಜನ? ಟಿಎನ್‌ಎಫ್‌ನಂಥ ಸೂಚಕ ವಸ್ತುಗಳು ಜಾಸ್ತಿ ಇದ್ದವರಿಗೆಲ್ಲ ನೋವೂ ಜಾಸ್ತಿ ಇರುತ್ತದೆ ಅಂತಲೂ ಇಲ್ಲ. ಇವತ್ತಿಗೂ ರೋಗ ಗುರುತಿಸುವುದು ರೋಗಿಯ ಮಾತು ಕೇಳಿ, ಕೈಯಿಂದ ಮುಟ್ಟಿ ನೋಡಿ, ಬೇಕಾದರೆ ಸ್ಕ್ಯಾನ್ ಮಾಡಿಸಿ. ನಿಮ್ಮ ಸಾಲು ನಂಬಿ ಯಾರೋ ಕ್ಲಿನಿಕ್ಕಿಗೆ ಹೋಗಿ ‘ಸೂಜಿ ಹಾಕಿ ಡಾಕ್ಟರೇ’ ಎಂದರೆ ಜವಾಬ್ದಾರಿ ನಮ್ಮಿಬ್ಬರದೂ ಆಗುತ್ತದೆ. ಆ ಪ್ಯಾರಾ ತೆಗೆಯಿರಿ.

ಲೇಖನ ಶುರು ಮಾಡಬೇಕಾದದ್ದು ಎಲ್ಲಿಂದ ಅಂದರೆ, ಬಾಯಿ ತೆರೆಯಲಾಗದ ರೋಗಿಯಿಂದ. 1991ರಲ್ಲಿ ಇಸ್ರೇಲಿನ ದವಡೆ ಶಸ್ತ್ರವೈದ್ಯೆ ಡೋರಿಟ್ ನಿಟ್ಜಾನ್ ಮತ್ತು ಸಂಗಡಿಗರು ಅಂಥವರ ಕೀಲನ್ನು ಸೂಜಿಯಿಂದಲೇ ತೊಳೆಯುವ ಚಿಕಿತ್ಸೆಯ ಬಗ್ಗೆ ವರದಿ ಮಾಡಿದರು. ಹಾಗೆ ತೊಳೆಯುವಾಗ ಸಿಗುವ ದ್ರವವನ್ನೇ ಎಷ್ಟೋ ಅಧ್ಯಯನಗಳಲ್ಲಿ ಪರೀಕ್ಷಿಸಿದ್ದಾರೆ.

ತಿದ್ದಿ ಕಳಿಸಿ. ಕೀಲಿನ ಎರಡೂ ಕೋಣೆ ಕಾಣುವಂಥ ಒಂದು ಚಿತ್ರವನ್ನೂ ಬರೆಸಿ ಕೊಡಿ.

ಇಂತಿ,
ಸಂಪಾದಕ