ಅಕ್ಕಪಕ್ಕದ ದೇಶಗಳಿಗೆ ವಿಕಿರಣದ ನಿಯಮ ಒಂದೇ ಇರಬೇಕು ಅಂತ ಯಾಕೆ ಹೇಳ್ತಾರೆ?

ಗಾಳಿಗೆ ಗಡಿ ಗೊತ್ತಿಲ್ಲ, ಅಷ್ಟೇ ಕಾರಣ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟ ಆದಾಗ ರೈನ್ ನದಿಯ ಜರ್ಮನಿ ದಡದಲ್ಲಿ ಸೊಪ್ಪು, ಹಾಲಿನ ಬಗ್ಗೆ ಎಚ್ಚರಿಕೆ ಕೊಟ್ಟರು, ಎದುರಿನ ಫ್ರಾನ್ಸ್ ದಡದಲ್ಲಿ ಏನೂ ಭಯವಿಲ್ಲ ಅಂದರು. ನಮ್ಮ ಕುಟ್ಟದಲ್ಲಿ ಸೊಪ್ಪು ತಿನ್ನಬೇಡಿ, ಗೇಟು ದಾಟಿ ಕೇರಳದ ತೋಲ್ಪೆಟ್ಟಿಗೆ ಹೋದರೆ ತಿನ್ನಿ ಅಂದ ಹಾಗೆ. ಜನ ಯಾರನ್ನು ನಂಬಬೇಕು?

ಹಾಗಂತ ದೇಶಗಳ ನಡುವೆ ಭಾರೀ ವ್ಯತ್ಯಾಸ ಇದೆ ಅಂದುಕೊಳ್ಳಬೇಡಿ. ಹೆಚ್ಚಿನವರು ನೋಡುವುದು ಐಸಿಆರ್‌ಪಿ ಎಂಬ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಶಿಫಾರಸನ್ನೇ. ಸಾಮಾನ್ಯ ಜನರಿಗೆ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್, ಅಂದರೆ ಮೈಗೆ ತಗಲುವ ವಿಕಿರಣದ ಅಳತೆ (ನಿಸರ್ಗದಿಂದ ಬರುವುದು, ರೋಗಿಗೆ ತೆಗೆಯುವ ಎಕ್ಸ್‌ರೇ ಇದರಲ್ಲಿ ಸೇರಲ್ಲ). ಮಡಿಕೇರಿಯ ಎಕ್ಸ್‌ರೇ ರೂಮಿನಲ್ಲಿ ವಿಕಿರಣ ಅಳೆಯುವ ಬ್ಯಾಡ್ಜ್ ಹಾಕಿಕೊಂಡು ಕೆಲಸ ಮಾಡುವವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20. ಯಾವುದೇ ಒಂದು ವರ್ಷದಲ್ಲಿ ಐಸಿಆರ್‌ಪಿ 50ರವರೆಗೆ ಬಿಡುತ್ತದೆ, ನಮ್ಮ ದೇಶದ ಅಣುಶಕ್ತಿ ನಿಯಂತ್ರಣ ಮಂಡಳಿ ಎಇಆರ್‌ಬಿ 30ಕ್ಕೇ ನಿಲ್ಲಿಸುತ್ತದೆ. ಅಮೆರಿಕದಲ್ಲಿ ಈಗಲೂ ವರ್ಷಕ್ಕೆ 50.

ನಿಜವಾದ ತಲೆನೋವು ಅವಘಡದ ಹೊತ್ತಿನದು. ಯಾರನ್ನು ಎಷ್ಟು ದೂರದವರೆಗೆ ತೆರವು ಮಾಡಬೇಕು, ಥೈರಾಯ್ಡ್ ಗ್ರಂಥಿಯನ್ನು ಕಾಪಾಡುವ ಅಯೋಡಿನ್ ಮಾತ್ರೆ ಯಾವಾಗ ಕೊಡಬೇಕು ಅನ್ನುವುದು ದೇಶಕ್ಕೊಂದು ಥರ. ಯುರೋಪಿನ ನಿಯಂತ್ರಕರು 2014ರಲ್ಲಿ ಇದಕ್ಕೊಂದು ದಾರಿ ಹುಡುಕಿದರು: ನೆರೆ ದೇಶದಲ್ಲಿ ಅವಘಡ ಆದರೆ, ಮೊದಮೊದಲು ಆ ದೇಶ ತನ್ನ ಜನರಿಗೆ ಏನು ಹೇಳುತ್ತದೋ ಅದನ್ನೇ ಗಡಿಯ ಈಚೆಗೂ ಹೇಳುವುದು, ಲೆಕ್ಕಾಚಾರದ ಜಗಳ ಆಮೇಲೆ.