ಸ್ಕೂಬಾ ಕಲಿಸುವವರು ಕಡಲನ್ನು ಕಾಪಾಡಲು ಏನು ಮಾಡಬಹುದು?

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪವನ್ನೇ ತಗೊಳ್ಳಿ. ಅಲ್ಲಿ ಸ್ಕೂಬಾ ಮಾಡಿಸುವವರು ಮೊದಲು ಮಾಡಬೇಕಾದ್ದು, ಹೊಸಬರಿಗೆ ತಳ ಮುಟ್ಟದೆ ನೀರಿನ ಮಧ್ಯೆ ತೇಲಿ ನಿಲ್ಲುವುದನ್ನು ಕಲಿಸುವುದು. ನೋಡೋಕೆ ಕಲ್ಲಿನ ಹಾಗಿದ್ದರೂ ತಳದಲ್ಲಿರುವ ಹವಳಕ್ಕೆ ಜೀವ ಇದೆ ಅಲ್ವಾ? ಕಾಲಿಗೆ ಹಾಕಿದ ಫಿನ್ (ಈಜುರೆಕ್ಕೆ) ತಳಕ್ಕೆ ಬಡಿದರೆ ಮರಳೆದ್ದು ಹವಳದ ಮೇಲೆ ಕೂರುತ್ತದೆ, ಬೆಳಕು ಸಿಗದೆ ಅದರೊಳಗಿನ ಪಾಚಿ ಆಹಾರ ತಯಾರಿಸುವುದು ಕಡಿಮೆಯಾಗುತ್ತದೆ, ಆ ಆಹಾರವನ್ನೇ ಜಾಸ್ತಿ ನಂಬಿರುವ ಹವಳ ಸೊರಗುತ್ತದೆ. ಲಂಗರನ್ನೂ ಹವಳದ ಮೇಲೆ ಬಿಡಲೇಬಾರದು, ದೋಣಿಯನ್ನು ಕಾಯಂ ಬೋಯಿಗೆ, ಅಂದರೆ ಒಂದೇ ಕಡೆ ನಿಲ್ಲಿಸಿರುವ ತೇಲುಬುರುಡೆಗೆ ಕಟ್ಟಬೇಕು.

ಇನ್ನು ಕಡಲಲ್ಲಿ ಕಳಚಿಹೋದ ಮೀನಿನ ಬಲೆಗಳು. ನೈಲಾನ್ ಕೊಳೆಯುವುದಿಲ್ಲ. ಸಿಕ್ಕ ಮೀನು ಸಾಯುತ್ತದೆ, ಅದನ್ನು ತಿನ್ನಲು ಬಂದ ಏಡಿಯೂ ಸಿಕ್ಕಿಬೀಳುತ್ತದೆ. ಸುಮ್ನೆ ಎಳೆದರೆ ಹವಳವೂ ಕಿತ್ತು ಬರುತ್ತದೆ, ಹಾಗಾಗಿ ತರಬೇತಿ ಇರುವವರೇ ತುಂಡುತುಂಡಾಗಿ ಕತ್ತರಿಸಿ ತೆಗೆಯಬೇಕು.