ಸಂಪಾದಕರ ಉತ್ತರ: ಇನ್ನೊಬ್ಬರನ್ನೂ ಕೇಳಬೇಕು

ಬಂಗಾರಪೇಟೆಯ ನಿವೃತ್ತ ಅಧ್ಯಾಪಕರೊಬ್ಬರು ಬರೆದಿದ್ದಾರೆ: “ಗೂಗಲ್ ಒಂದನ್ನೇ ನೆಚ್ಚಿಕೊಳ್ಳಬೇಡಿ ಎಂದು ಕಳೆದ ಸಂಚಿಕೆಯಲ್ಲಿ ಹೇಳಿದಿರಿ. ನಿಮ್ಮ ಮಾತಿಗೆ ಬೆಲೆ ಕೊಟ್ಟು ಒಂದು ವಾರ ಡಕ್‌ಡಕ್‌ಗೋ, ಮೋಜೀಕ್ ಎಂಬ ಬೇರೆ ಸರ್ಚ್ ಎಂಜಿನ್‌ಗಳಲ್ಲಿ ಹುಡುಕಿದೆ. ನಮ್ಮ ತಾಲ್ಲೂಕಿನ ಕೆರೆಗಳ ಬಗ್ಗೆ ನಾನೇ ಟಿಪ್ಪಣಿ ಬರೆಯುತ್ತಿರುವುದರಿಂದ ಆ ವಿಷಯವನ್ನೇ ಕೇಳಿದೆ. ಕನ್ನಡದಲ್ಲಿ ಸಿಕ್ಕಿದ್ದು ತೀರ ಕಡಿಮೆ. ಪುಕ್ಕಟೆಯಾಗಿ ಚೆನ್ನಾಗಿ ಸಿಗುವುದನ್ನು ಬಿಟ್ಟು ಸಣ್ಣವರ ಹಿಂದೆ ಹೋಗುವುದು ಬರಿಯ ಅಭಿಮಾನವಲ್ಲವೇ?”

ಮೇಷ್ಟ್ರೇ, ಬಳಸಿ ನೋಡಿದ ಮೇಲೆ ಬರೆದಿದ್ದೀರಿ, ಅದಕ್ಕಾಗಿ ಕೃತಜ್ಞತೆಗಳು. ಕನ್ನಡದ ಮಟ್ಟಿಗೆ ಗೂಗಲ್ ಮುಂದಿದೆ ಎಂಬುದು ನಿಜ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಪದ ಬರೆದರೂ ಅದು ಗುರುತು ಹಿಡಿಯುತ್ತದೆ, ಕಾಗುಣಿತ ತಪ್ಪಿದರೂ ತಿದ್ದಿಕೊಳ್ಳುತ್ತದೆ. ಆದರೆ ನೀವು ಎಷ್ಟು ಸಿಕ್ಕಿತು ಎಂದು ಎಣಿಸಿದಿರೇ ಹೊರತು ಏನು ಸಿಕ್ಕಿತು ಎಂದು ಬರೆಯಲಿಲ್ಲ. ಮಕ್ಕಳ ಉತ್ತರಪತ್ರಿಕೆಗಳಿಗೆ ನೀವು ಪುಟ ಎಣಿಸಿ ಅಂಕ ಕೊಟ್ಟವರಲ್ಲ ಎಂದು ನಂಬಿದ್ದೇನೆ.

ನಾನು ಹೈಸ್ಕೂಲಿನಲ್ಲಿದ್ದಾಗ ಕೋಲಾರದ ಗ್ರಂಥಾಲಯದಲ್ಲಿ ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು ಕೂರುತ್ತಿದ್ದರು. ಕೆರೆಗಳ ಬಗ್ಗೆ ಪ್ರಬಂಧ ಬರೆಯಬೇಕೆಂದು ಬೆಳಗಿನವರನ್ನು ಕೇಳಿದಾಗ ಜಿಲ್ಲೆಯ ಗೆಜೆಟಿಯರ್ ತೆಗೆದುಕೊಟ್ಟರು. ಸಂಜೆಯವರು ಅದೇ ಪ್ರಶ್ನೆಗೆ, ಯಾವುದೋ ಊರಿನವರು ಸೇರಿ ಅಚ್ಚು ಹಾಕಿಸಿದ್ದ ಹದಿನಾರು ಪುಟದ ಹೊತ್ತಗೆಯೊಂದನ್ನು ಕಪಾಟಿನ ಹಿಂದಿನಿಂದ ಎಳೆದುಕೊಟ್ಟರು. ತೂಬು ಎತ್ತುವ ಸರದಿ ಯಾರದು, ಕೋಡಿ ಬಿದ್ದ ವರ್ಷ ನೀರನ್ನು ಹೇಗೆ ಹಂಚಿಕೊಂಡರು ಎಂಬುದೆಲ್ಲ ಅದರಲ್ಲಿತ್ತು. ಸಂಜೆಯವರು ರಜೆಯಲ್ಲಿದ್ದಿದ್ದರೆ ಅಂಥ ಹೊತ್ತಗೆಯೊಂದು ಇದೆಯೆಂದೇ ನನಗೆ ತಿಳಿಯುತ್ತಿರಲಿಲ್ಲ.

ಸರ್ಚ್ ಎಂಜಿನ್ನಿನ ಜೀವವಿರುವುದು ಅದರ ಸೂಚಿಯಲ್ಲಿ. ಕ್ರಾಲರ್ ಎಂಬ ತಂತ್ರಾಂಶ ಪುಟದಿಂದ ಪುಟಕ್ಕೆ ಕೊಂಡಿ ಹಿಡಿದು ಅಲೆದು ತಂದದ್ದನ್ನು ಪದವಾರು ಜೋಡಿಸಿಟ್ಟುಕೊಳ್ಳುವುದೇ ಸೂಚಿ. ಯಾವ ಪುಟ ಅದರೊಳಗೆ ಬರಬೇಕು, ಯಾವುದು ಮೊದಲು ಕಾಣಬೇಕು ಎಂಬುದು ಅದನ್ನು ಕಟ್ಟಿದವರ ತೀರ್ಮಾನ. ನೀವು ಬಳಸಿದ ಎರಡರ ನಡುವಿನ ವ್ಯತ್ಯಾಸವೂ ಇಲ್ಲೇ ಇದೆ. 2008ರಲ್ಲಿ ಆರಂಭವಾದ ಡಕ್‌ಡಕ್‌ಗೋ ಬಳಕೆದಾರರ ಬೆನ್ನು ಹತ್ತುವುದಿಲ್ಲ ಎಂಬುದು ಅದರ ಹಿರಿಮೆಯಾದರೂ, ಅದರ ಫಲಿತಾಂಶಗಳ ಬಹುಪಾಲು ಮೈಕ್ರೋಸಾಫ್ಟಿನ ಬಿಂಗ್‌ನಿಂದ ಬರುತ್ತದೆ. ಇಂಗ್ಲೆಂಡಿನ ಮೋಜೀಕ್ 2004ರಿಂದಲೂ ಸ್ವಂತ ಸೂಚಿ ಕಟ್ಟುತ್ತಿದೆ. ಸ್ವೀಡನ್ನಿನಲ್ಲಿ ಒಬ್ಬನೇ ವ್ಯಕ್ತಿ ಕಟ್ಟಿದ ಮಾರ್ಜಿನಾಲಿಯಾ, ವ್ಯಾಪಾರದ ಪುಟಗಳನ್ನು ಹಿಂದೆ ಸರಿಸಿ ಬರಹವೇ ಹೆಚ್ಚಿರುವ ಹಳೆಯ, ಸಣ್ಣ ತಾಣಗಳನ್ನು ಮುಂದೆ ತರುತ್ತದೆ. ನನ್ನ ಸಂಜೆಯ ಗ್ರಂಥಪಾಲಕರ ಕೆಲಸವನ್ನೇ ಅದು ಮಾಡುತ್ತಿದೆ.

ಕಡ ತಂದ ಸೂಚಿಯ ಪಾಡೇನು ಎಂಬುದನ್ನು 2025ರ ಆಗಸ್ಟ್‌ನಲ್ಲಿ ಕಂಡೆವು. ಅನೇಕ ಸಣ್ಣ ಸಂಸ್ಥೆಗಳು ಹಣ ಕೊಟ್ಟು ಪಡೆಯುತ್ತಿದ್ದ ಬಿಂಗ್‌ನ ಹುಡುಕಾಟದ ಸೇವೆಯನ್ನು ಮೈಕ್ರೋಸಾಫ್ಟ್ ಆ ತಿಂಗಳು ನಿಲ್ಲಿಸಿತು. ಬರ್ಲಿನ್ನಿನ ಇಕೋಸಿಯಾ ಮತ್ತು ಫ್ರಾನ್ಸಿನ ಕ್ವಾಂಟ್ ಎಂಬ ಎಂಜಿನ್‌ಗಳವರು ಯುರೋಪಿನದೇ ಸೂಚಿಯೊಂದನ್ನು ಕಟ್ಟಲು 2024ರಲ್ಲೇ ಕೈಜೋಡಿಸಿದ್ದರಿಂದ ಅವರಿಗೆ ಸ್ವಲ್ಪ ನೆಲೆಯಿತ್ತು.

“ಚೆನ್ನಾಗಿದೆ, ಅದಕ್ಕೇ ಎಲ್ಲರೂ ಬಳಸುತ್ತಾರೆ” ಎಂಬುದು ನಿಮ್ಮ ವಾದದ ತಿರುಳು. ಫೋನು, ಬ್ರೌಸರ್ ತೆರೆದ ಕೂಡಲೇ ತಾನೇ ಎದುರಿಗಿರಬೇಕೆಂದು ಗೂಗಲ್ ಅವುಗಳ ಕಂಪನಿಗಳಿಗೆ 2021ರ ಒಂದೇ ವರ್ಷದಲ್ಲಿ 2,630 ಕೋಟಿ ಡಾಲರ್ ಕೊಟ್ಟಿತ್ತು ಎಂಬುದು ಅಮೆರಿಕದ ನ್ಯಾಯಾಲಯದಲ್ಲೇ ಬಯಲಾಯಿತು. ಗೂಗಲ್ ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿದೆ ಎಂದು ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ತೀರ್ಪಿತ್ತರು. ನಮ್ಮ ದೇಶದ ಸ್ಪರ್ಧಾ ಆಯೋಗವೂ ಹುಡುಕಾಟದಲ್ಲಿನ ಪಕ್ಷಪಾತಕ್ಕಾಗಿ 2018ರಲ್ಲಿ 135.86 ಕೋಟಿ, ಆಂಡ್ರಾಯ್ಡ್ ವಿಷಯದಲ್ಲಿ 2022ರಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಗೂಗಲ್‌ನ ಜಾಹೀರಾತು ವಿಭಾಗವನ್ನೇ ನಡೆಸಿದ್ದ ಶ್ರೀಧರ್ ರಾಮಸ್ವಾಮಿಯವರು ಹೊರಬಂದು ನೀವಾ ಎಂಬ ಜಾಹೀರಾತಿಲ್ಲದ ಸರ್ಚ್ ಎಂಜಿನ್ ಕಟ್ಟಿದರು. 2023ರಲ್ಲಿ ಅದನ್ನು ಮುಚ್ಚುವಾಗ, ಎಂಜಿನ್ ಕಟ್ಟುವುದು ಒಂದು ಕೆಲಸವಾದರೆ ಜನರು ಅದಕ್ಕೆ ಬದಲಾಗುವಂತೆ ಮಾಡುವುದು ಬೇರೆಯದೇ ಕೆಲಸ ಎಂಬ ಅರ್ಥದ ಮಾತನ್ನು ಹೇಳಿದರು. ಇಷ್ಟಾದ ಮೇಲೂ ಎಲ್ಲರೂ ತಾವಾಗಿಯೇ ಗೂಗಲನ್ನು ಆರಿಸಿಕೊಂಡರು ಎನ್ನಲು ನನಗೆ ನಾಲಿಗೆ ಬಾರದು.

ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕೆನ್ನುತ್ತದೆ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆನ್ನುತ್ತದೆ. ಜಾಹೀರಾತಿನಿಂದ ಬದುಕುವ ಎಂಜಿನ್ ಎರಡನೆಯದನ್ನು ಒಂದಿಷ್ಟು ಪಾಲಿಸೀತು. ಮೂರನೆಯದರ ಹಂಗು ಅದಕ್ಕಿಲ್ಲ, ಯಾರೂ ಕೊಳ್ಳದ ಹದಿನಾರು ಪುಟದ ಹೊತ್ತಗೆಗೆ ಓದುಗನನ್ನು ಹುಡುಕಿಕೊಟ್ಟರೆ ಅದಕ್ಕೆ ಬರುವ ಲಾಭವೇನು?

ಕನ್ನಡದ ಬರಹಗಳು ಕಡಿಮೆ ಸಿಕ್ಕಿದ್ದರಲ್ಲಿ ಸಣ್ಣವರ ತಪ್ಪಿಗಿಂತ ನಮ್ಮ ತಪ್ಪೇ ಹೆಚ್ಚು. ಕೆರೆ, ಕೆರೆಯಲ್ಲಿ, ಕೆರೆಗಳಿಗೆ, ಕೆರೆಯಿಂದಲೂ ಎಂಬ ನಾಲ್ಕೂ ಒಂದೇ ಪದದ ರೂಪಗಳೆಂದು ಯಂತ್ರಕ್ಕೆ ಕಲಿಸಬೇಕು. ಕಲಿಸಲು ಬೇಕಾದ ಪದಪಟ್ಟಿಗಳನ್ನು, ಶುದ್ಧ ಪಠ್ಯವನ್ನು ಎಲ್ಲರಿಗೂ ಮುಕ್ತವಾಗಿ ಕೊಡುವುದು ನಮ್ಮ ವಿಶ್ವವಿದ್ಯಾಲಯಗಳ, ಇಲಾಖೆಗಳ ಕೆಲಸವಾಗಿತ್ತು. ಅವು ಇಂದಿಗೂ ಪುಸ್ತಕದ ಪುಟಗಳ ಚಿತ್ರ ತೆಗೆದು ಏರಿಸಿ ಕೈತೊಳೆದುಕೊಳ್ಳುತ್ತವೆ. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಎಂಬ ಅಕ್ಷರಸಂಕೇತ ಬಳಕೆಗೆ ಬರುವ ಮೊದಲಿನ ನುಡಿ, ಬರಹ ತಂತ್ರಾಂಶಗಳ ಅಕ್ಷರಗಳಲ್ಲಿ ಟೈಪಿಸಿದ ಕಡತ ಯಂತ್ರದ ಕಣ್ಣಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿಯೇ ಕಾಣುತ್ತದೆ. ದೊಡ್ಡವರು ತಮ್ಮ ಹಣಬಲದಿಂದ ಈ ಅಡ್ಡಿಯನ್ನು ಒಂದಿಷ್ಟು ದಾಟುತ್ತಾರೆ, ಮೋಜೀಕ್‌ನಂಥವರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳೂ ಇದೇ ಸ್ಥಿತಿಯಲ್ಲಿದ್ದವು. ಕಳೆದ ಯುಗಾದಿಯಿಂದ ಒಂದೊಂದನ್ನೇ ಯೂನಿಕೋಡ್‌ಗೆ ಪರಿವರ್ತಿಸಿ ತಾಣದಲ್ಲಿ ಹಾಕುತ್ತಿದ್ದೇವೆ.

ನಿಮ್ಮ ಟಿಪ್ಪಣಿಗಳು ಹಳೆಯ ನುಡಿಯಲ್ಲಿದ್ದರೂ ಸರಿ, ಕೈಬರಹದಲ್ಲಿದ್ದರೂ ಸರಿ, ಕಳುಹಿಸಿಕೊಡಿ; ಯೂನಿಕೋಡ್‌ಗೆ ತಂದು ಪ್ರಕಟಿಸುವ ಹೊಣೆ ನಮ್ಮದು. ಪ್ರಕಟವಾದ ಮೇಲೆ ನಿಮ್ಮ ಊರ ಕೆರೆಯ ಹೆಸರನ್ನು ಇನ್ನೊಮ್ಮೆ ಮೋಜೀಕ್‌ನಲ್ಲಿ ಹುಡುಕಿ, ಏನು ಸಿಕ್ಕಿತೆಂದು ಬರೆಯಿರಿ.